ತಲೆ ಬಗ್ಗಿಸಿ ನೋಡುವ ಕ್ಯಾಮೆರಾ

ಮದುವೆಯಾದ ಹೊಸದರಲ್ಲಿ ನಾನೂ ನನ್ನ ಹೆಂಡತಿಯೂ ಒಂದು ಸೂರಿನಡಿ ಕಳೆದದ್ದಕ್ಕಿಂತ ಬಸ್ಸಿನಲ್ಲಿ ಕಳೆದದ್ದೇ ಹೆಚ್ಚು. ಎಪ್ಪತ್ತರ ದಶಕದ ಮೊದಲ ವರ್ಷಗಳು ಅವು. ನನಗೆ ಹಿರಿಯೂರಿನ ಪಕ್ಕದ ಬಬ್ಬೂರು ಫಾರಂನಲ್ಲಿ ಕೆಲಸ. ಶೇಂಗಾ, ಹತ್ತಿ ಬೆಳೆಯುವ ಪ್ರಯೋಗದ ಮಡಿಗಳನ್ನು ನೋಡಿಕೊಳ್ಳುವುದು, ಆಳುಗಳ ಜೊತೆ ಬಿಸಿಲಲ್ಲಿ ನಿಲ್ಲುವುದು. ಅವಳು ಹೊಸದುರ್ಗದ ಕಡೆ ಒಂದು ಹಳ್ಳಿಯ ಪ್ರೈಮರಿ ಶಾಲೆಯಲ್ಲಿ ಮೇಡಂ. ಇಬ್ಬರಲ್ಲಿ ಯಾರಾದರೊಬ್ಬರಿಗೆ ವರ್ಗ ಆಗುವವರೆಗೆ ಹೀಗೇ ಎಂದು ಒಪ್ಪಿಕೊಂಡಿದ್ದೆವು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಅವಳು ಹೊಳಲ್ಕೆರೆ ಮೇಲೆ ಹಾದು ಬರುವ ಬಸ್ಸು ಹತ್ತುತ್ತಿದ್ದಳು. ನಾನು ಐಮಂಗಲದ ದಾರಿಯಲ್ಲಿ ಬರುತ್ತಿದ್ದೆ. ಇಬ್ಬರೂ ಚಿತ್ರದುರ್ಗದಲ್ಲಿ ನನ್ನ ಅಕ್ಕನ ಮನೆ ಸೇರುತ್ತಿದ್ದೆವು. ಭಾನುವಾರ ಸಂಜೆ ಮತ್ತೆ ಬಸ್ ಸ್ಟ್ಯಾಂಡು, ಮತ್ತೆ ಎರಡು ದಿಕ್ಕು.

ಮದುವೆಗೆ ಅವಳ ಸೋದರಮಾವ ಒಂದು ಪೆಟ್ಟಿಗೆ ಕ್ಯಾಮೆರಾ ಉಡುಗೊರೆ ಕೊಟ್ಟಿದ್ದ. ಅದರಲ್ಲಿ ತಿರುಗಿಸಲು, ಸರಿಪಡಿಸಲು ಹೆಚ್ಚೇನೂ ಇರಲಿಲ್ಲ. ಬಿಸಿಲಿನ ಗುರುತೊಂದು, ಮೋಡದ ಗುರುತೊಂದು, ಒತ್ತುವ ಗುಂಡಿಯೊಂದು. ಹಿಂಬದಿಯಲ್ಲಿ ಕೆಂಪು ಗಾಜಿನ ಪುಟ್ಟ ಕಿಟಕಿ. ರೋಲು ಸುತ್ತಿದಂತೆ ಅದರಲ್ಲಿ ಚಿತ್ರದ ಸಂಖ್ಯೆ ಬಂದು ನಿಲ್ಲುತ್ತಿತ್ತು. ಒಂದು ರೋಲಿಗೆ ಹನ್ನೆರಡೇ ಚಿತ್ರ. ಈ ಹನ್ನೆರಡನ್ನು ನಾವು ಹಂಚಿಕೊಂಡೆವು. ಒಂದು ವಾರ ಕ್ಯಾಮೆರಾ ನನ್ನ ಹತ್ತಿರ ಬಬ್ಬೂರಿನಲ್ಲಿ, ಮುಂದಿನ ವಾರ ಅವಳ ಹತ್ತಿರ. ಅರ್ಧ ಮುಗಿದ ರೋಲನ್ನು ಹಾಗೇ ಕೈ ಬದಲಾಯಿಸುತ್ತಿದ್ದೆವು. ಅವಳು ಏನು ತೆಗೆದಿದ್ದಾಳೆಂದು ನನಗೆ ಹೇಳುತ್ತಿರಲಿಲ್ಲ, ನಾನೂ ಹೇಳುತ್ತಿರಲಿಲ್ಲ. ತೊಳೆಸಿ ಬಂದ ಮೇಲೆ ಅಕ್ಕನ ಮನೆಯ ಪಡಸಾಲೆಯಲ್ಲಿ ಕೂತು ಒಂದೊಂದಾಗಿ ನೋಡುವುದೇ ನಮ್ಮ ವಾರದ ಮಾತುಕತೆ.

ಅವಳ ಚಿತ್ರಗಳಿಂದಲೇ ನನಗೆ ಅವಳ ಊರು ಪರಿಚಯವಾದದ್ದು. ಶಾಲೆಯ ಮುಂದಿನ ಹೊಂಗೆ ಮರ, ಮಣೆಯ ಮೇಲೆ ಸಾಲಾಗಿ ಕೂತ ಹುಡುಗಿಯರು, ಅವಳು ಬಾಡಿಗೆಗಿದ್ದ ಮನೆಯ ಅಜ್ಜಿ ಬಿಸಿಲಿಗೆ ಹಪ್ಪಳ ಹರಡುತ್ತಿರುವುದು. ನನ್ನವೆಲ್ಲ ಬೇರೆ ಥರ. ನನಗೆ ದೂರದ್ದು ಬೇಕು. ಮಡಿಗಳ ಆಚೆ ಹಾರುವ ಕೊಕ್ಕರೆ, ಗುಡ್ಡದ ಅಂಚು, ಮಳೆ ಕಟ್ಟಿಕೊಂಡ ಮೋಡ. ಪೆಟ್ಟಿಗೆ ಕ್ಯಾಮೆರಾದಲ್ಲಿ ಕೊಕ್ಕರೆ ಎಳ್ಳಿನ ಕಾಳಿನಷ್ಟು ಬೀಳುತ್ತಿತ್ತು. ಅವಳಿಗೆ ಬೇರೆ ಕಷ್ಟ. ಯಾರ ಮುಖವನ್ನಾದರೂ ಹತ್ತಿರದಿಂದ ತೆಗೆದರೆ ಅದು ಮಬ್ಬಾಗುತ್ತಿತ್ತು. ಅಜ್ಜಿಯ ಮುಖದ ಸುಕ್ಕು ಒಂದೂ ಮೂಡಿಲ್ಲವೆಂದು ಅವಳು ವಾರವಿಡೀ ಬೇಸರಪಟ್ಟದ್ದು ನೆನಪಿದೆ. ಹೀಗೆ, ಒಂದು ಒಳ್ಳೆಯ ಕ್ಯಾಮೆರಾ ಬೇಕೆಂಬ ಆಸೆ ಇಬ್ಬರಿಗೂ ಹುಟ್ಟಿತು. ಆದರೆ ಒಬ್ಬರ ಆಸೆ ದೂರಕ್ಕೆ, ಇನ್ನೊಬ್ಬರದು ಹತ್ತಿರಕ್ಕೆ. ಕೊಳ್ಳಲು ಸಾಧ್ಯವಿದ್ದದ್ದು ಮಾತ್ರ ಒಂದೇ.

ನಮ್ಮ ರೋಲುಗಳನ್ನು ತೊಳೆದುಕೊಡುತ್ತಿದ್ದುದು ದುರ್ಗದ ಪೇಟೆಯಲ್ಲಿ ಸ್ಟುಡಿಯೋ ಇಟ್ಟಿದ್ದ ಒಬ್ಬರು. ದಪ್ಪ ಮೀಸೆ, ಧಾರಾಳ ಮಾತು. ನಾವು ಒಳಗೆ ಕಾಲಿಟ್ಟ ಕೂಡಲೇ "ಬರ್ರಿ ಬರ್ರಿ, ಕುಂತ್ಕಳ್ರಿ" ಎಂದು ಕುರ್ಚಿ ಎಳೆದು, ಆಮೇಲೆ ಅರ್ಧ ಗಂಟೆ ಬಿಡುತ್ತಿರಲಿಲ್ಲ. ಮದುವೆ ಸೀಸನ್ನು ಹೇಗಿತ್ತು, ಯಾವ ಮದುಮಗ ಕಣ್ಣು ಮುಚ್ಚಿಕೊಂಡ, ಯಾರ ಮಾವ ಫೋಟೊದಲ್ಲಿ ತಾನಿಲ್ಲವೆಂದು ಜಗಳಕ್ಕೆ ಬಂದ, ಎಲ್ಲ ಹೇಳಬೇಕು. ನಮ್ಮ ಆಸೆಯನ್ನು ಹೇಳಿಕೊಂಡ ದಿನ ಅವರು ಕಪಾಟಿನಿಂದ ಎರಡು ಕ್ಯಾಮೆರಾ ತೆಗೆದು ಮೇಜಿನ ಮೇಲೆ ಇಟ್ಟರು.

ಒಂದು, ಗಣಿಯ ಕೆಲಸಕ್ಕೆ ಬಂದಿದ್ದ ಅಧಿಕಾರಿಯೊಬ್ಬರು ವರ್ಗವಾಗಿ ಹೋಗುವಾಗ ಮಾರಲು ಬಿಟ್ಟು ಹೋದದ್ದು. ಕಣ್ಣಿಗೆ ಹಿಡಿದು ನೋಡುವ, ಸಣ್ಣ ರೋಲಿನ, ಲೆನ್ಸು ಬಿಚ್ಚಿ ಬದಲಿಸಬಹುದಾದ ಕ್ಯಾಮೆರಾ. ಜೊತೆಗೆ ಚರ್ಮದ ಚೀಲದಲ್ಲಿ ಮೊಳಕೈ ಉದ್ದದ ಇನ್ನೊಂದು ಲೆನ್ಸು, ದೂರದ್ದನ್ನು ಹತ್ತಿರಕ್ಕೆ ಎಳೆಯುವಂಥದು. ಇನ್ನೊಂದು, ಸ್ಟುಡಿಯೋದವರೇ ಎಷ್ಟೋ ಮದುವೆಗಳಿಗೆ ಹೊತ್ತು ಸವೆಸಿದ ಎರಡು ಕಣ್ಣಿನ ಕ್ಯಾಮೆರಾ. ಒಂದರ ಮೇಲೊಂದು ಎರಡು ಲೆನ್ಸು. ಮೇಲಿನದು ನಾವು ನೋಡಲು, ಕೆಳಗಿನದು ಚಿತ್ರ ಹಿಡಿಯಲು. ಅದನ್ನು ಕೊರಳಿಗೆ ಹಾಕಿಕೊಂಡು, ಎದೆಯ ಹತ್ತಿರ ಹಿಡಿದು, ನೆತ್ತಿಯ ಮುಚ್ಚಳ ತೆರೆದು, ತಲೆ ಬಗ್ಗಿಸಿ ಒಳಗಿನ ಗಾಜನ್ನು ನೋಡಬೇಕು. ಅದರ ಲೆನ್ಸು ಬದಲಿಸುವಂತಿಲ್ಲ.

ಸ್ಟುಡಿಯೋದವರು ಮೊದಲನೆಯದರ ಕಡೆಗೇ ವಾಲಿದ್ದರು. ಎರಡು ಕಣ್ಣಿನದರ ಕಾಲ ಮುಗಿಯಿತು, ಇನ್ನು ಮುಂದೆ ಎಲ್ಲ ಸಣ್ಣ ರೋಲೇ, ಬಣ್ಣದ ಫೋಟೊ ಬಂದರೆ ಅದರಲ್ಲೇ ಬರೋದು ಎಂದು ಹೇಳಿದರು. ನನಗೆ ಅಷ್ಟು ಹೇಳುವ ಅಗತ್ಯವೂ ಇರಲಿಲ್ಲ. ಉದ್ದದ ಲೆನ್ಸನ್ನು ಕೈಯಲ್ಲಿ ಹಿಡಿದಾಗಲೇ ನಾನು ಸೋತಿದ್ದೆ. ನನ್ನ ಹೆಂಡತಿ ಮಾತ್ರ ಹಳೆಯದರ ಮುಚ್ಚಳ ತೆರೆದು ಬಗ್ಗಿದವಳು ಬಹಳ ಹೊತ್ತು ತಲೆ ಎತ್ತಲಿಲ್ಲ. ನಮ್ಮಿಬ್ಬರ ಮುಖ ನೋಡಿ ಸ್ಟುಡಿಯೋದವರು ನಕ್ಕು, ಎರಡನ್ನೂ ತಗೊಂಡು ಹೋಗಿ, ಒಂದೊಂದು ರೋಲು ಹಾಕಿ ನೋಡಿ, ಯಾವುದು ಬೇಕೋ ಅದನ್ನು ಇಟ್ಟುಕೊಂಡು ಇನ್ನೊಂದನ್ನು ತಂದುಕೊಡಿ ಎಂದರು. ಗುರುತು ಪರಿಚಯದ ಮೇಲೆ ಅಷ್ಟು ಬೆಲೆಬಾಳುವ ವಸ್ತುಗಳನ್ನು ಕೈಗೆ ಕೊಟ್ಟು ಕಳಿಸುವುದು ಆಗ ದೊಡ್ಡ ಮಾತಾಗಿರಲಿಲ್ಲ.

ಅವತ್ತೇ ಅಕ್ಕನ ಮನೆಯ ಮಾಳಿಗೆ ಹತ್ತಿ ಪರೀಕ್ಷೆ ಶುರು ಮಾಡಿದೆವು. ಮಾಳಿಗೆಯಿಂದ ಕೋಟೆಯ ಗೋಡೆ ಕಾಣುತ್ತಿತ್ತು. ಉದ್ದದ ಲೆನ್ಸಿನಲ್ಲಿ ಅದು ಎದ್ದು ನನ್ನ ಕಣ್ಣಿಗೇ ಬಂದು ನಿಂತಿತು. ಕಲ್ಲಿನ ಸಂದಿಯಲ್ಲಿ ಬೆಳೆದ ಹುಲ್ಲು, ಬುರುಜಿನ ಮೇಲೆ ಕಾಲು ಚಾಚಿ ಕೂತ ಕೋತಿ, ಅದು ಮರಿಯ ಬೆನ್ನಿನಲ್ಲಿ ಹೇನು ಹುಡುಕುವುದು. ಅವಳನ್ನು ಕರೆದು ತೋರಿಸಿದೆ. ಚೆನ್ನಾಗೈತೆ ಎಂದಳು, ಅಷ್ಟೇ.

ಆಮೇಲೆ ನಾನು ಎರಡು ಕಣ್ಣಿನದನ್ನು ಕೊರಳಿಗೆ ಹಾಕಿಕೊಂಡೆ. ಗಾಜಿನೊಳಗೆ ಬೀದಿ ಬಣ್ಣ ಬಣ್ಣವಾಗಿ ತೇಲುತ್ತಿತ್ತು. ಆದರೆ ಎಡಗಡೆಯದು ಬಲಕ್ಕೆ, ಬಲಗಡೆಯದು ಎಡಕ್ಕೆ. ಬೀದಿಯಲ್ಲಿ ಒಂದು ಜಟಕಾ ಬಂತು. ಅದರ ಹಿಂದೆ ಕ್ಯಾಮೆರಾ ತಿರುಗಿಸಲು ಹೋದರೆ ಅದು ಗಾಜಿನಿಂದ ಜಾರಿ ಇನ್ನೊಂದು ಕಡೆಗೆ ಓಡಿಹೋಯಿತು. ಮತ್ತೆ ಪ್ರಯತ್ನಿಸಿದೆ, ಮತ್ತೆ ತಪ್ಪಿತು. ಇದು ನನ್ನಿಂದ ಆಗುವ ಕೆಲಸವಲ್ಲ ಎಂದು ಅವಳಿಗೆ ಕೊಟ್ಟೆ. ಅವಳು ಒಂದೇ ಸಲಕ್ಕೆ ಬೀದಿಯಲ್ಲಿ ಬರುತ್ತಿದ್ದ ಸೈಕಲ್ಲನ್ನು ಗಾಜಿನ ನಡುವೆ ಹಿಡಿದು ನಿಲ್ಲಿಸಿದಳು. ಹೇಗೆ ಎಂದು ಕೇಳಿದೆ.

"ದಿನಾ ಕನ್ನಡಿ ನೋಡ್ಕಂಡು ಬೈತಲೆ ತೆಗೆಯೋರಿಗೆ ಇದೇನು ಹೊಸದಲ್ಲ ಬಿಡಿ" ಎಂದಳು.

ಅಂದು ಒಮ್ಮತ ಆಗಲಿಲ್ಲ. ಮುಂದಿನ ಭಾನುವಾರ ನಮ್ಮ ಹಟ್ಟಿಗೆ ಹೋಗಬೇಕಿತ್ತು, ಅಲ್ಲಿ ನೋಡಾಣ ಎಂದು ಮಾತು ಮುಗಿಸಿದೆವು.

ನಮ್ಮ ಹಟ್ಟಿ ಐಮಂಗಲದಿಂದ ಒಳಕ್ಕೆ, ಹೆದ್ದಾರಿ ಬಿಟ್ಟು ಜಾಲಿ ಮರಗಳ ನಡುವಿನ ಗಾಡಿ ದಾರಿಯಲ್ಲಿ ನಡೆದು ಹೋಗಬೇಕು. ನಾವು ಕುರಿ ಕಾಯುವ ಮನೆತನದವರು. ಓದಿ ಸಂಬಳಕ್ಕೆ ಸೇರಿದವನು ನಾನೊಬ್ಬನೇ. ಅಣ್ಣ ಕುರಿ ನೋಡಿಕೊಂಡು, ಇದ್ದ ಹೊಲ ಉಳುತ್ತಿದ್ದ. ಅವ್ವ ಅವನ ಜೊತೆ ಇದ್ದಳು. ನನ್ನ ಹೆಂಡತಿಗೆ ಅವ್ವನನ್ನು ಕಂಡರೆ ವಿಶೇಷ ಪ್ರೀತಿ. ಮದುವೆಯ ದಿನದಿಂದಲೂ ಅವ್ವನ ಒಂದು ಫೋಟೊ ತೆಗೆಯಬೇಕೆಂದು ಅವಳಿಗೆ ಹಟ. ಅವ್ವನಿಗೋ ಕ್ಯಾಮೆರಾ ಎಂದರೆ ಆಗದು. ನಮ್ಮ ಮದುವೆಯ ಫೋಟೊಗಳಲ್ಲಿ ಅವ್ವ ಇಲ್ಲವೇ ಇಲ್ಲ. ಇರುವ ಒಂದರಲ್ಲಿ ಸೆರಗು ಮಾತ್ರ ಬಿದ್ದಿದೆ, ಮುಖ ಕಂಬದ ಹಿಂದೆ.

ಅದಕ್ಕೆ ಕಾರಣವಿತ್ತು. ಅಪ್ಪ ಬದುಕಿದ್ದಾಗ ಯಾರೂ ಅವನ ಫೋಟೊ ತೆಗೆದಿರಲಿಲ್ಲ. ಅವನು ತೀರಿಕೊಂಡ ದಿನ ದೊಡ್ಡವರು ಯಾರೋ, ಒಂದು ಗುರುತಾದರೂ ಇರಲಿ ಎಂದು ಹಿರಿಯೂರಿನಿಂದ ಫೋಟೊದವರನ್ನು ಕರೆಸಿದರು. ಅಪ್ಪನಿಗೆ ಹೊಸ ಪಂಚೆ ಉಡಿಸಿ, ಪೇಟ ಸುತ್ತಿ, ಕುರ್ಚಿಯ ಮೇಲೆ ಕೂರಿಸಿ ಹಿಂದಿನಿಂದ ಹಿಡಿದುಕೊಂಡರು. ಅವ್ವನನ್ನು ಪಕ್ಕದಲ್ಲಿ ನಿಲ್ಲಲು ಹೇಳಿದರು. ಅವಳು ನಿಂತಳು. ಕರಿ ಬಟ್ಟೆಯೊಳಗೆ ತಲೆ ಹಾಕಿದ್ದ ಮನುಷ್ಯ ಅಲ್ಲಾಡಬೇಡಿ ಎಂದ. ಆಗ ನಾನು ಹೈಸ್ಕೂಲಿನಲ್ಲಿದ್ದೆ. ಆ ಫೋಟೊ ಮನೆಗೆ ಬಂತು, ಗೋಡೆಗೂ ಏರಿತು. ಅವ್ವ ಒಂದು ದಿನವೂ ಅದರ ಕಡೆ ತಿರುಗಿ ನೋಡಿದ್ದನ್ನು ನಾನು ಕಂಡಿಲ್ಲ. ಫೋಟೊ ಎಂದರೆ ಅವಳಿಗೆ ಅದೇ.

ಇದನ್ನೆಲ್ಲ ಹೆಂಡತಿಗೆ ಹೇಳಿದ್ದೆ. ಆದ್ದರಿಂದ ಹಟ್ಟಿಗೆ ಹೋಗುವಾಗ ನನಗೊಂದು ಉಪಾಯ ಹೊಳೆದಿತ್ತು. ಉದ್ದದ ಲೆನ್ಸು ಇದೆಯಲ್ಲ, ದೂರ ನಿಂತು ಅವ್ವನಿಗೆ ಗೊತ್ತೇ ಆಗದ ಹಾಗೆ ತೆಗೆದರಾಯಿತು. ಬಸ್ಸಿನಲ್ಲಿ ಈ ಉಪಾಯವನ್ನು ಹೇಳಿದಾಗ ಅವಳು ಕಿಟಕಿಯ ಕಡೆ ತಿರುಗಿ ಕೂತಳು. ಐಮಂಗಲ ಹತ್ತಿರ ಬಂದಾಗ, ಕೇಳದೆ ತೆಗೆಯೋದಾದರೆ ನನಗೆ ಆ ಫೋಟೊ ಬೇಡ ಎಂದಳು.

ಊಟವಾದ ಮೇಲೆ ಅವ್ವ ರೊಪ್ಪದ ಹತ್ತಿರ ಹೋಗಿ ಬೇಲಿಯ ಮುಳ್ಳು ಸರಿಮಾಡುತ್ತಿದ್ದಳು. ರೊಪ್ಪ ಎಂದರೆ ಕುರಿಗಳನ್ನು ಕೂಡುವ ಜಾಗ. ನಾನು ಹೊಲದ ಬದುವಿನ ಮೇಲೆ, ಬೇವಿನ ಮರದ ಮರೆಯಲ್ಲಿ ನಿಂತು ಉದ್ದದ ಲೆನ್ಸಿನಲ್ಲಿ ನೋಡಿದೆ. ನಾನು ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ ಅವ್ವ ಬಂದಳು. ಹಣೆಯ ಹಚ್ಚೆ, ಕಿವಿಯ ಓಲೆ, ಬಾಯಲ್ಲಿ ಅಡಿಕೆ. ತನ್ನಷ್ಟಕ್ಕೆ ಏನೋ ಗುನುಗುತ್ತಿದ್ದಳು. ಅಷ್ಟು ವರ್ಷ ಅವಳ ಮಗನಾಗಿದ್ದು ಅವಳ ಮುಖವನ್ನು ಅಷ್ಟು ಹೊತ್ತು ನಾನು ನೋಡಿರಲೇ ಇಲ್ಲ. ಬೆರಳು ಗುಂಡಿಯ ಮೇಲಿತ್ತು. ಒತ್ತಲು ಮನಸ್ಸು ಬರಲಿಲ್ಲ. ಬಾಗಿಲ ಸಂದಿಯಲ್ಲಿ ಇಣುಕಿ ನೋಡುತ್ತಿರುವವನಂತೆ ಅನ್ನಿಸಿ, ಕ್ಯಾಮೆರಾ ಇಳಿಸಿ, ಲೆನ್ಸನ್ನು ಚೀಲಕ್ಕೆ ಹಾಕಿದೆ.

ನಾನು ರೊಪ್ಪದ ಹತ್ತಿರ ಬರುವಷ್ಟರಲ್ಲಿ ನನ್ನ ಹೆಂಡತಿ ಎರಡು ಕಣ್ಣಿನ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಅವ್ವನ ಪಕ್ಕದಲ್ಲಿ ನಿಂತಿದ್ದಳು. ಅಣ್ಣ ಕುರಿಗಳನ್ನು ಹೊಡೆದುಕೊಂಡು ಬರುತ್ತಿದ್ದ. ಅವಳು ಗಾಜಿನಲ್ಲಿ ಅವನನ್ನು ನೋಡುತ್ತಿದ್ದಳು. ಅವ್ವನಿಗೆ ಅನುಮಾನ. ಏನಮ್ಮ ಅದು, ತಲೆ ಬಗ್ಗಿಸಿಕೊಂಡು ಏನು ಹುಡುಕ್ತಿದ್ದೀಯಾ ಎಂದು ಕೇಳಿದಳು. ಹೆಂಡತಿ ಉತ್ತರ ಹೇಳುವ ಬದಲು ಪಟ್ಟಿಯನ್ನು ಕೊರಳಿಂದ ತೆಗೆದು, ಕ್ಯಾಮೆರಾವನ್ನು ಅವ್ವನ ಎದೆಯ ಹತ್ತಿರ ಹಿಡಿದು, ನೀವೇ ನೋಡ್ರಿ ಅತ್ತೆ ಎಂದಳು.

ಅವ್ವ ಹಿಂಜರಿಯುತ್ತ ಬಗ್ಗಿದಳು. ನೆರಳಿಗೆಂದು ಅವಳ ಸೆರಗನ್ನೇ ನನ್ನ ಹೆಂಡತಿ ಗಾಜಿನ ಸುತ್ತ ಮರೆ ಮಾಡಿದಳು. ಗಾಜಿನೊಳಗೆ ಕುರಿಗಳು ನಡೆದು ಬರುತ್ತಿದ್ದವು. ಧೂಳು ಎದ್ದು ಇಳಿಯುತ್ತಿತ್ತು. ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಅಣ್ಣ ಒಂದು ಮರಿಯನ್ನು ಎತ್ತಿಕೊಂಡ. ಅವ್ವ ತಲೆ ಎತ್ತಿ ಎದುರಿನ ಕುರಿಗಳನ್ನು ನೋಡಿದಳು, ಮತ್ತೆ ಗಾಜಿನೊಳಗಿನವನ್ನು ನೋಡಿದಳು.

"ಇದ್ರಾಗೆ ಎಲ್ಲಾ ಜೀವಂತ ಅವೆ" ಎಂದಳು.

ಅವಳೇ ಮುಂದುವರಿಸಿದಳು. "ನಿಮ್ಮಪ್ಪನ್ನ ತೆಗೆದಾಗ ಆ ಮನುಷ್ಯ ಅಲ್ಲಾಡಬ್ಯಾಡ್ರಿ ಅಂದಿದ್ದ. ಯಾರು ಅಲ್ಲಾಡ್ತಿದ್ರು ಅಲ್ಲಿ."

ಅಣ್ಣ ಹತ್ತಿರ ಬಂದವನು ಏನೆಂದು ತಿಳಿಯದೆ ಕುರಿಗಳ ನಡುವೆ ಹಾಗೇ ನಿಂತ. ಹೆಂಡತಿ ಅವ್ವನ ತೋಳು ಹಿಡಿದುಕೊಂಡು, ಅತ್ತೆ, ಈ ಕ್ಯಾಮೆರಾದಲ್ಲಿ ನೀವು ಅಲ್ಲಾಡಬಹುದು, ಮಾತಾಡಬಹುದು, ಎದ್ದು ಹೋಗಬೇಕೆನ್ನಿಸಿದರೆ ಎದ್ದೂ ಹೋಗಬಹುದು ಎಂದಳು. ಅವ್ವ ಮತ್ತೊಮ್ಮೆ ಬಗ್ಗಿ ನೋಡಿ, ಸೆರಗು ಸರಿಮಾಡಿಕೊಂಡಳು.

"ತೆಗಿ ಹಂಗಾರೆ. ಕುರಿ ಜತೆಗೆ ತೆಗಿ."

ಅವ್ವ ಬೇಲಿಯ ಪಕ್ಕದ ಕಲ್ಲಿನ ಮೇಲೆ ಕೂತಳು. ನನ್ನ ಹೆಂಡತಿ ಎದುರಿಗೆ ನಿಂತು ತಲೆ ಬಗ್ಗಿಸಿದಳು. ಆಗ ನನಗೆ ಕಂಡದ್ದು ಇದು: ಅವ್ವನ ಕಡೆಗೆ ಯಾರೂ ಏನನ್ನೂ ಗುರಿ ಇಟ್ಟಿರಲಿಲ್ಲ. ಅತ್ತೆಯ ಮುಂದೆ ಸೊಸೆ ತಲೆ ತಗ್ಗಿಸಿ ನಿಂತಂತೆ ಇತ್ತು. ಅವ್ವ ಸೊಸೆಯ ಬೈತಲೆಯನ್ನು ನೋಡುತ್ತಾ, ಎಣ್ಣೆ ಹಚ್ಚಿಲ್ಲವೇನಮ್ಮ ನೆತ್ತಿಗೆ ಎಂದು ಗದರಿದಳು. ಅದೇ ಹೊತ್ತಿಗೆ ಸಣ್ಣಗೆ ಚಿಕ್ ಎಂದು ಸದ್ದಾಯಿತು. ಕುರಿಗಳೂ ತಲೆ ಎತ್ತಲಿಲ್ಲ.

ತಿರುಗಿ ಬರುವಾಗ ಬಸ್ಸಿನಲ್ಲಿ ಯಾವ ಕ್ಯಾಮೆರಾ ಎಂಬ ಮಾತೇ ಬರಲಿಲ್ಲ. ಮುಂದಿನ ಶನಿವಾರ ನಾನೇ ಆ ಕ್ಯಾಮೆರಾವನ್ನೂ ಉದ್ದದ ಲೆನ್ಸಿನ ಚೀಲವನ್ನೂ ಸ್ಟುಡಿಯೋದವರ ಮೇಜಿನ ಮೇಲೆ ಇಟ್ಟೆ. ಅವರಿಗೆ ನಂಬಿಕೆ ಬರಲಿಲ್ಲ. ಮತ್ತೆ ಸಿಗೋದಿಲ್ಲ ನೋಡ್ರಿ, ಹಳೇದಕ್ಕೆ ಯಾಕೆ ಗಂಟು ಬೀಳ್ತೀರಿ ಎಂದು ಬಹಳ ಹೇಳಿದರು. ನನ್ನ ಕೊಕ್ಕರೆಗಳನ್ನು ನೆನೆದು ಚೀಲವನ್ನು ಇನ್ನೊಮ್ಮೆ ಸವರಿ ಕೈ ತೆಗೆದೆ. ಅವರು ಅವ್ವನ ರೋಲನ್ನು ತೊಳೆದು, ಹಾಳೆ ಹಿಡಿದುಕೊಂಡು ಕತ್ತಲೆ ಕೋಣೆಯಿಂದ ಹೊರಬಂದಾಗ ಮಾತು ನಿಲ್ಲಿಸಿದ್ದರು. ಇನ್ನೂ ಒದ್ದೆಯಿದ್ದ ಹಾಳೆಯನ್ನು ತಂತಿಗೆ ಸಿಕ್ಕಿಸಿ, ಇದನ್ನು ದೊಡ್ಡದು ಮಾಡಿ ನನ್ನ ಶೋಕೇಸಿನಲ್ಲಿ ಇಟ್ಟುಕೊಳ್ಳಲಾ ಎಂದು ಕೇಳಿದರು. ಅತ್ತೆಯನ್ನು ಕೇಳಿ ಹೇಳ್ತೀನಿ ಎಂದಳು ನನ್ನ ಹೆಂಡತಿ. ಅವ್ವ ಬೇಡ ಎಂದಳು. ಅವರೂ ಇಡಲಿಲ್ಲ.

ಫೋಟೊ ಕೈಗೆ ಕೊಟ್ಟಾಗ ಅವ್ವ ಮೊದಲು ನೋಡಿದ್ದು ಕುರಿಗಳನ್ನು. ಯಾವುದು ಯಾವುದರ ಮರಿ, ಯಾವುದನ್ನು ಆಮೇಲೆ ಮಾರಿದರು ಎಂದು ಬೆರಳಿಟ್ಟು ಹೇಳಿದಳು. ಆಮೇಲೆ ನಡುವೆ ಕೂತಿದ್ದ ಹೆಂಗಸನ್ನು ನೋಡಿ, ಇಷ್ಟು ಮುದುಕಿ ಆಗಿದ್ದೀನಾ ಎಂದು ನಕ್ಕಳು. ಫೋಟೊದಲ್ಲಿ ಅವಳ ಬಾಯಿ ಅರ್ಧ ತೆರೆದಿದೆ, ಕಣ್ಣಲ್ಲಿ ಗದರಿಕೆ ಇದೆ, ಕೈ ಬೇಲಿಯ ಮುಳ್ಳನ್ನು ಇನ್ನೂ ಹಿಡಿದಿದೆ. ಸ್ವಲ್ಪ ಹೊತ್ತು ನೋಡಿ, ಇನ್ನೊಂದು ಪ್ರತಿ ಸಿಗ್ತದೇನಪ್ಪ ಎಂದು ನನ್ನನ್ನು ಕೇಳಿದಳು. ಯಾರಿಗೆ ಎಂದರೆ, ಧರ್ಮಪುರದ ನಿಮ್ಮ ಚಿಕ್ಕವ್ವನಿಗೆ ಎಂದಳು.

ಚಿಕ್ಕವ್ವ ಅವ್ವನ ಒಬ್ಬಳೇ ತಂಗಿ. ಧರ್ಮಪುರದ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿಗೆ ಕೊಟ್ಟಿದ್ದರು. ಜಗಳವೇನೂ ಇರಲಿಲ್ಲ. ಒಬ್ಬಳಿಗೆ ಕುರಿ, ಒಬ್ಬಳಿಗೆ ಶೇಂಗಾ ಹೊಲ. ಒಬ್ಬಳಿಗೆ ಬಿಡುವಾದಾಗ ಇನ್ನೊಬ್ಬಳಿಗೆ ಆಗದು. ಹೀಗೇ ವರ್ಷಗಳು ಸರಿದು, ಒಬ್ಬರ ಮುಖ ಒಬ್ಬರು ಕಂಡು ಬಹಳ ಕಾಲವಾಗಿತ್ತು. ಆ ಕಡೆ ಹೋಗುವ ನೆಂಟರ ಕೈಯಲ್ಲಿ ಫೋಟೊ ಕಳಿಸಿದೆವು. ಸುಗ್ಗಿ ಮುಗಿಯುವ ಹೊತ್ತಿಗೆ ಅದೇ ನೆಂಟರ ಬಾಯಲ್ಲಿ ಉತ್ತರ ಬಂತು. ಅಕ್ಕನನ್ನು ಕಾಗದದಾಗೆ ಕಳಿಸಿದ್ದೀರಿ, ಆಯಿತು, ಅವಳನ್ನೂ ಆ ಪೆಟ್ಟಿಗೆಯನ್ನೂ ಒಟ್ಟಿಗೆ ಕರಕೊಂಡು ಬರ್ರಿ ಎಂದು ಚಿಕ್ಕವ್ವ ಹೇಳಿ ಕಳಿಸಿದ್ದಳು.

ಬೇಸಿಗೆ ರಜೆಯಲ್ಲಿ ಹೊರಟೆವು. ಹಿರಿಯೂರಿನಿಂದ ಧರ್ಮಪುರದ ಬಸ್ಸು ಆಗ ಬೆಳಿಗ್ಗೆ ತಪ್ಪಿದರೆ ಮಧ್ಯಾಹ್ನಕ್ಕೇ. ಅವ್ವ ಕಿಟಕಿಯ ಪಕ್ಕ ಕೂತು, ಮಡಿಲಲ್ಲಿ ತಂಗಿಗೆಂದು ಮಾಡಿದ ಉಂಡೆಯ ಡಬ್ಬಿ ಇಟ್ಟುಕೊಂಡು, ದಾರಿಯುದ್ದಕ್ಕೂ ಅದರ ಮುಚ್ಚಳ ಒತ್ತಿ ಒತ್ತಿ ನೋಡುತ್ತಿದ್ದಳು. ಬಸ್ಸಿಳಿದು ನಡೆದು ಹೋದಾಗ ಚಿಕ್ಕವ್ವ ಜಗುಲಿಯ ಮೇಲೆ ಬಿತ್ತನೆಗೆ ಶೇಂಗಾ ಸುಲಿಯುತ್ತಿದ್ದಳು. ಎದ್ದು ಬಂದು ಅಪ್ಪಿಕೊಳ್ಳುವುದು, ಅಳುವುದು ಏನೂ ಆಗಲಿಲ್ಲ. ಚಿಕ್ಕವ್ವ ಮೊರವನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿದಳು. ಅವ್ವ ಹೋಗಿ ಕೂತಳು. ಕೂತವಳೇ ತಾನೂ ಒಂದು ಹಿಡಿ ಶೇಂಗಾ ತೆಗೆದುಕೊಂಡು ಸುಲಿಯತೊಡಗಿದಳು. ಸುಲಿಯುತ್ತಲೇ ಮಾತು ಶುರುವಾಯಿತು. ಚಿಕ್ಕವ್ವನ ಮಾತಿನಲ್ಲಿ ತೆಲುಗು ಸೇರಿಕೊಂಡಿತ್ತು. ಅವ್ವ ಅದನ್ನು ಅಣಕಿಸಿದಳು. ಚಿಕ್ಕವ್ವ ಅವ್ವನ ಉದುರಿದ ಹಲ್ಲನ್ನು ಅಣಕಿಸಿದಳು.

ನನ್ನ ಹೆಂಡತಿ ಅಂಗಳದಲ್ಲಿ ತಲೆ ಬಗ್ಗಿಸಿ ನಿಂತಿದ್ದಳು. ಬಿಸಿಲು ಜಗುಲಿಯ ಅಂಚಿಗೆ ಬಂದಿತ್ತು. ಬೇಗ ತೆಗಿ, ಬೆಳಕು ಹೋಗ್ತದೆ ಎಂದು ಪಿಸುಗುಟ್ಟಿದೆ. ಅವಳು ಕೈ ಅಲ್ಲಾಡಿಸಿ ಸುಮ್ಮನಿರಿ ಎಂದಳು. ಮುಖದ ಮೇಲೆ ಗಾಜಿನ ಬೆಳಕು ಬಿದ್ದಿತ್ತು. ಒಂದೆರಡು ಸಲ ಬೆರಳು ಗುಂಡಿಯ ಹತ್ತಿರ ಹೋಗಿ ವಾಪಸು ಬಂತು. ನಮ್ಮಿಬ್ಬರನ್ನೂ ಆ ಅಕ್ಕತಂಗಿಯರು ಪೂರ್ತಿ ಮರೆತ ಮೇಲೆ ಅವಳು ಒತ್ತಿದಳು. ಒಂದೇ ಚಿತ್ರ. ಇನ್ನೊಂದು ತೆಗೆಯೋಣವೆಂದರೆ ಸಾಕು ಎಂದು ಮುಚ್ಚಳ ಮುಚ್ಚಿದಳು.

ದಶಕ ಮುಗಿಯುವ ಹೊತ್ತಿಗೆ ಇಬ್ಬರಿಗೂ ಹೊಳಲ್ಕೆರೆಗೆ ವರ್ಗವಾಗಿ, ಮೊದಲ ಬಾರಿಗೆ ಒಂದೇ ಬಾಗಿಲಿನ ಬೀಗದ ಕೈ ಇಬ್ಬರ ಹತ್ತಿರವೂ ಬಂತು. ಆ ಬಾಡಿಗೆ ಮನೆಯ ಗೋಡೆಗೆ ನಾವು ಹೊಡೆದ ಮೊದಲ ಮೊಳೆ ಧರ್ಮಪುರದ ಆ ಚಿತ್ರಕ್ಕೆ. ಈಗಲೂ ಅದು ನನ್ನ ಮೇಜಿನ ಎದುರಿಗಿದೆ. ಎಡಗಡೆ ಅವ್ವ ಕಣ್ಣು ಕಿರಿದು ಮಾಡಿ ಯಾವುದೋ ಹಳೆಯ ಮಾತಿಗೆ ನಗುತ್ತಿದ್ದಾಳೆ. ಚಿಕ್ಕವ್ವ ಇನ್ನೂ ಮಾತಾಡುತ್ತಲೇ ಇದ್ದಾಳೆ, ಅವಳ ಒಂದು ಕೈ ಅವ್ವನ ಸೆರಗಿಗೆ ಅಂಟಿದ ಶೇಂಗಾ ಸಿಪ್ಪೆಯನ್ನು ಕೊಡವುತ್ತಿದೆ.